ಮುಖ ಕಂಡ ಮೇಲೆ

ನನ್ನ ಫೋನಿನಲ್ಲಿ ಎರಡು ಗ್ರೂಪುಗಳಿವೆ. ಒಂದು ಗಂಡನ ಮನೆಯವರದು, ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಇನ್ನೊಂದು ನಮ್ಮ ಕಡೆಯ ಮಾತಿನ ಹುಚ್ಚು ಹಿಡಿದವರದು. ಅಲ್ಲಿ ನನ್ನ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು, ಹೋದ ವರ್ಷದವರೆಗೆ.

ಮೊದಲನೆಯದರ ಕಥೆ ಸಣ್ಣದು. ನಾನು ಹುಟ್ಟಿದ್ದು ಶಿರಗುಪ್ಪಿಯಲ್ಲಿ, ಹತ್ತಿ ಹಿಂಜಿ ಗಾದಿ ಹೊಲಿಯುವವರ ಮನೆಯಲ್ಲಿ. ನಾವು ಮುಸಲ್ಮಾನರು, ಆದರೆ ಮನೆಮಾತು ಕನ್ನಡ. ಅಪ್ಪ ನಮಾಜು ಮುಗಿಸಿ ಬಂದು ಕನ್ನಡದಲ್ಲಿ ಬೈಯುತ್ತಿದ್ದ, ಅವ್ವ ಕನ್ನಡದಲ್ಲಿ ಅಳುತ್ತಿದ್ದಳು. ಉರ್ದು ನನಗೆ ಗಂಟುಬಿದ್ದದ್ದು ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ, ಅದೂ ಅರ್ಧಂಬರ್ಧ. ನಾನು ಉರ್ದುವಿನಲ್ಲಿ ಉಪ್ಪು ಕೇಳಿದರೂ ನಾದಿನಿಯರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಈಗ ಅವರು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ, ಫೋನಿನಲ್ಲಿ ಸೇರಿ ಹರಟುತ್ತಾರೆ. ನಾನು ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ. ಚಿತ್ರ ನೋಡಿ ಯಾರೂ ನಗುವುದಿಲ್ಲ.

ನಮ್ಮ ಮನೆಯವರು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ನಡೆಸುತ್ತಾರೆ. ದಿನವೆಲ್ಲ ಆ ಕರ್ಕಶ ಸದ್ದಿನಲ್ಲಿದ್ದು ಬಂದವರಿಗೆ ಸಂಜೆ ಬೇಕಾದದ್ದು ಮೌನ. ದಿನವೆಲ್ಲ ಮೌನದಲ್ಲಿ ಕಳೆದ ನನಗೆ ಬೇಕಾದದ್ದು ಮಾತು. ಇದರಲ್ಲಿ ಯಾರ ತಪ್ಪೂ ಇಲ್ಲ. ಇದ್ದೊಬ್ಬ ಮಗಳು ಮದುವೆಯಾಗಿ ಮೀರಜಿಗೆ ಹೋದಳು. ಗಬ್ಬೂರಿನ ಬೈಪಾಸ್ ಹತ್ತಿರದ ನಮ್ಮ ಬಡಾವಣೆಯಲ್ಲಿ ಎಲ್ಲವೂ ಹೊಸ ಮನೆಗಳು, ಮುಚ್ಚಿದ ಗೇಟುಗಳು. ಹಗಲಲ್ಲಿ ನನ್ನನ್ನು ಮಾತಾಡಿಸುವವನು ತರಕಾರಿಯವನೊಬ್ಬನೇ, ಅವನಿಗೂ ಸದಾ ಗಡಿಬಿಡಿ. ಕೆಲವು ಮಧ್ಯಾಹ್ನ ಕುಕ್ಕರಿನ ಜೊತೆ ಮಾತಾಡಿದ್ದೇನೆ. ನಗಬೇಡಿ, ಅದಾದರೂ ಸೀಟಿ ಹೊಡೆದು ಉತ್ತರ ಕೊಡುತ್ತದೆ.

ಇದನ್ನು ಕಂಡೇ ಮಗಳು ನನ್ನನ್ನು ಎರಡನೆಯ ಗ್ರೂಪಿಗೆ ಸೇರಿಸಿದ್ದು. "ಅವ್ವಾ, ಇಲ್ಲೆ ಎಲ್ಲಾರೂ ನಿನ್ನಂಗ ಮಾತಾಡ್ತಾರ ನೋಡು," ಎಂದಳು. ಹುಬ್ಬಳ್ಳಿ-ಧಾರವಾಡದ ಕಡೆಯವರು, ಊರು ಬಿಟ್ಟವರು, ಬಿಡದವರು, ಎಲ್ಲರೂ ಇದ್ದರು. ಅಲ್ಲಿ ಬರೆಯುವಂತಿಲ್ಲ, ದನಿ ಕಳಿಸಬೇಕು. ಯಾರಾದರೂ ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಉಳಿದವರೆಲ್ಲ ಸೇರಿ ಅವರಿಗೆ ಬೈಯಬೇಕು, ಅದೇ ದಂಡ. ಮಗಳು ನನ್ನ ಹೆಸರಿನ ಜಾಗದಲ್ಲಿ ಊರಿನ ಹೆಸರು, ಚಿತ್ರದ ಜಾಗದಲ್ಲಿ ಒಂದು ಶೇವಂತಿಗೆ ಹಾಕಿಕೊಟ್ಟಳು. ಹೀಗೆ ನಾನು ಎಲ್ಲರಿಗೂ 'ಶಿರಗುಪ್ಪಿ'ಯಾದೆ.

ಮೊದಲು ಕಳಿಸಿದ್ದು ನಮ್ಮ ಓಣಿಯ ಮುದುಕಿಯೊಬ್ಬಳ ಕಥೆ. ಎಮ್ಮೆ ಕಳುವಾದ ದಿನ ಅವಳು ಕಳ್ಳನಿಗೂ ಎಮ್ಮೆಗೂ ಒಟ್ಟೊಟ್ಟಿಗೆ ಬೈದದ್ದನ್ನು ಅವಳದೇ ದನಿಯಲ್ಲಿ ಮಾಡಿ ತೋರಿಸಿದೆ. ಪುಣೆಯಿಂದ ಒಬ್ಬರು ನಕ್ಕ ದನಿ ಕಳಿಸಿದರು, ಬೆಳಗಾವಿಯಿಂದ ಇನ್ನೊಬ್ಬರು. ನಾನು ಆ ನಗುಗಳನ್ನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ನನ್ನ ಮಾತಿಗೆ ಜನ ಹೀಗೂ ನಗಬಹುದು ಎನ್ನುವುದು ನನಗೆ ಮರೆತೇಹೋಗಿತ್ತು.

ಆ ಗ್ರೂಪಿನಲ್ಲಿ ಧಾರವಾಡದ ಹಿರಿಯರೊಬ್ಬರಿದ್ದರು. ಅರಳೆ ವ್ಯಾಪಾರದ ದೊಡ್ಡ ಮನೆಗೆ ಸೊಸೆಯಾಗಿ ಬಂದವರು, ಈಗ ಮೊಣಕಾಲು ನೋವಿನಿಂದ ಮನೆ ಹಿಡಿದು ಕುಳಿತವರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ಬೆಳಗಾದರೆ ಅವರ ದನಿ ಬರುತ್ತಿತ್ತು: "ಏ ಶಿರಗುಪ್ಪಿ, ಇನ್ನೂ ಹಾಸಿಗ್ಯಾಗ ಬಿದ್ದೀಯೇನ ಬೇ? ಏಳ, ಏನರ ಮಾತಾಡು. ನಿನ್ನ ದನಿ ಕೇಳದ ನನಗ ಚಾ ಇಳಿಯೂದಿಲ್ಲ." ನನ್ನ ಹೆತ್ತವ್ವ ತೀರಿಕೊಂಡ ಮೇಲೆ ನನಗೆ ಹೀಗೆ ಸಲಿಗೆಯಿಂದ ಬೈದವರು ಯಾರೂ ಇರಲಿಲ್ಲ. ಆ ಬೈಗುಳಕ್ಕಾಗಿಯೇ ನಾನು ಬೇಗ ಏಳುತ್ತಿದ್ದೆ.

ನಮ್ಮ ಕಡೆ ಮಾತು ಸ್ವಲ್ಪ ಬೆಳೆದರೆ 'ಯಾರ ಪೈಕಿ' ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಊರು ಹೇಳಿದರೆ ಸಾಲದು, ಮನೆತನ ಹೇಳಬೇಕು. ಗ್ರೂಪು ನೋಡಿಕೊಳ್ಳುವ ಕಾಕಾ ಒಬ್ಬರು ಒಂದು ದಿನ ಕೇಳಿದರು, "ಶಿರಗುಪ್ಪಿಯಾಗ ಯಾರ ಪೈಕಿ ನೀ?" ನಾನು ಇದ್ದದ್ದನ್ನೇ ಹೇಳಿದೆ: "ಗಾದಿ ಹೊಲಿಯೋರ ಪೈಕಿರಿ ಕಾಕಾ. ನಮ್ಮಪ್ಪ ಹತ್ತಿ ಹಿಂಜತಿದ್ದ." ನಮ್ಮ ಕಡೆ ಹತ್ತಿ ಹಿಂಜುವವರೆಂದರೆ ಮುಸಲ್ಮಾನರೇ, ಇಷ್ಟು ಹೇಳಿದರೆ ಜಾತಿ ಧರ್ಮ ಎಲ್ಲ ತಿಳಿಯಬೇಕು. ಆದರೆ ಗ್ರೂಪಿಗೆ ಗ್ರೂಪೇ ನಕ್ಕಿತು. "ಇಕಿ ಮಾತಿನ ಗತ್ತ ನೋಡ್ರಿ," ಎಂದರು ಕಾಕಾ, "ದೊಡ್ಡ ಒಕ್ಕಲತನದ ಮನಿಯಾಕಿನ ಖರೇ. ನಮ್ಮನ್ನ ಆಡಸಾಕತ್ತಾಳ." ದನಿ ಕೇಳಿಯೇ ಮನೆತನ ಹೇಳುತ್ತೇವೆ ಎನ್ನುವ ಹೆಮ್ಮೆ ಇಲ್ಲಿನವರಿಗೆ ಬಹಳ. ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂದು ನಾನೂ ನಕ್ಕೆ.

ವರ್ಷ ತುಂಬಿದಾಗ ಎಲ್ಲರೂ ಒಮ್ಮೆ ಭೇಟಿಯಾಗಬೇಕು ಎಂದಾಯಿತು. ಅವ್ವನಿಗೆ ಓಡಾಡಲು ಆಗದು, ಆದ್ದರಿಂದ ಧಾರವಾಡದ ಅವರ ಮನೆಯಲ್ಲೇ ಸೇರುವುದು. ನಾನು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದೆ. ಎಲ್ಲಿಗೆ ಹೋದರೂ ಹಾಕಿಕೊಳ್ಳುವ ಬುರ್ಖಾ ಹಾಕಿಕೊಂಡೆ. ಚಪ್ಪಲಿ ಮೆಟ್ಟುವಾಗ ಯಾರಾದರೂ ಯೋಚಿಸುತ್ತಾರೆಯೇ, ಇದೂ ಹಾಗೆಯೇ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಅವ್ವ ಎದುರು ಬಂದರೆ ಮೊದಲು ಏನೆಂದು ಬೈಯುತ್ತಾರೋ ಎಂದು ಒಬ್ಬಳೇ ನಗುತ್ತಿದ್ದೆ.

ಗೇಟಿನಲ್ಲಿ ಕಾಕಾ ನಿಂತಿದ್ದರು. ಯಾರಿಗೋ ದಾರಿ ಹೇಳುತ್ತಿದ್ದರು, ದನಿಯಿಂದಲೇ ಗುರುತಿಸಿದೆ. ನನ್ನನ್ನು ಕಂಡು, "ಕಿಸ್‌ಕಾ ಘರ್ ಹೋನಾ ಬಾಯಿ?" ಎಂದರು. ಯಾರದೋ ಮನೆ ಹುಡುಕುತ್ತ ದಾರಿ ತಪ್ಪಿ ಬಂದವಳು ಎಂದುಕೊಂಡಿದ್ದರು.

"ನಾನ್ರಿ ಕಾಕಾ, ಶಿರಗುಪ್ಪಿ. ಒಳಗ ಬಿಡ್ತೀರೋ, ಇಲ್ಲೆ ಬಿಸಲಾಗ ನಿಂದ್ರಸ್ತೀರೋ?"

ದನಿ ಕೇಳಿದೊಡನೆ ಅವರ ಮುಖದಲ್ಲಿ ನಗು ಎದ್ದಿತು. ನನ್ನ ಮೇಲೆ ಇನ್ನೊಮ್ಮೆ ಕಣ್ಣು ಬಿದ್ದಾಗ ಅದು ಅರ್ಧಕ್ಕೇ ನಿಂತಿತು. "ಅರೇ, ಆಪ್ ಹೈ ಕ್ಯಾ!" ಎಂದರು. "ಆಯಿಯೇ, ಆಯಿಯೇ."

ಇದು ನನಗೆ ಹೊಸದಲ್ಲ. ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ನಾನು ಕನ್ನಡದಲ್ಲಿ ಬದನೆಕಾಯಿ ಕೇಳಿದರೆ ಉತ್ತರ ಹಿಂದಿಯಲ್ಲಿ ಬರುತ್ತದೆ. ಬುರ್ಖಾ ಕಂಡರೆ ಜನರ ನಾಲಗೆ ತಾನಾಗಿಯೇ ಆ ಕಡೆ ಹೊರಳುತ್ತದೆ. ಮಾರ್ಕೆಟ್ಟಿನಲ್ಲಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಬದನೆಕಾಯಿ ಸಿಕ್ಕರೆ ಸಾಕು. ಆದರೆ ಇವರು ವರ್ಷವಿಡೀ ನನ್ನ ಕನ್ನಡ ಕೇಳಿ ಹೊಟ್ಟೆ ಹಿಡಿದು ನಕ್ಕವರು.

ಒಳಗೆ ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನಡೆದುಕೊಂಡಿದ್ದರೆ ಜಗಳವಾಡಿ ಎದ್ದು ಬರುತ್ತಿದ್ದೆ, ಜಗಳ ನನಗೆ ಚೆನ್ನಾಗಿ ಬರುತ್ತದೆ. ಒಳ್ಳೆಯ ಕುರ್ಚಿ ಕೊಟ್ಟರು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಹೋಳಿಗೆಯನ್ನು ಎಲ್ಲರೂ ಕೇಳಿ ಹಾಕಿಸಿಕೊಂಡು ತಿಂದರು, ಅದನ್ನು ಹೇಳಲೇಬೇಕು. ಒಬ್ಬರು ತುಂಬು ಮನಸ್ಸಿನಿಂದ, "ನಿಮ್ಮ ಪೈಕಿಯವರಾಗಿ ಎಷ್ಟ ಛಲೋ ಕನ್ನಡ ಮಾತಾಡ್ತೀರಲ್ರಿ, ಖರೇನ ಹೆಮ್ಮಿ ಅನಸ್ತೈತಿ," ಎಂದರು. ಅಲ್ಲಿಯವರೆಗೆ ನಾನು ಏನು ಹೇಳಿದೆ ಎನ್ನುವುದಕ್ಕೆ ಅವರು ನಗುತ್ತಿದ್ದರು. ಆ ದಿನ ನಾನು ಮಾತಾಡಿದ್ದೇ ಅವರಿಗೆ ಮೆಚ್ಚುಗೆಯಾಗಿತ್ತು, ಏನು ಹೇಳಿದೆ ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ.

ಅವ್ವ ಕೋಲೂರಿಕೊಂಡು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಕಾದೆ. "ಬೈಠೋ ಬೇಟಿ," ಎಂದರು. ಆಮೇಲೆ ಒಂದೊಂದೇ ಶಬ್ದ ಹುಡುಕಿ ತೆಗೆದು, "ಖಾನಾ... ಖಾಯಾ ಕ್ಯಾ?"

"ಅವ್ವಾ, ನಾ ನಿನ್ನ ಶಿರಗುಪ್ಪಿನ ಬೇ. ಒಂದ ಸರತಿ ಬೈ ನನ್ನ."

ಅವ್ವ ನಾಚಿಕೊಂಡವರಂತೆ ನಕ್ಕರು. "ಅಯ್ಯ, ನಿಮಗ ಹೆಂಗ ಬೈಯೂದ್ರಿ?" ಎಂದು ಸುತ್ತಲಿನವರ ಮುಖ ನೋಡಿದರು.

ಹೊರಡುವಾಗ ಅವ್ವ ಹೆಂಗಸರಿಗೆಲ್ಲ ಕುಂಕುಮ ಹಚ್ಚಿದರು. ನನ್ನ ಮುಂದೆ ಬಂದಾಗ ಅವರ ಕೈ ನಡುವೆಯೇ ನಿಂತಿತು. ಶಿರಗುಪ್ಪಿಯ ನಮ್ಮ ಓಣಿಯ ಹೆಂಗಸರು ನನ್ನ ಹೆತ್ತವ್ವನಿಗೆ ಕುಂಕುಮದ ಬದಲು ಮುಂಗೈಗೆ ಗಂಧ ಹಚ್ಚಿ ಉಡಿ ತುಂಬುತ್ತಿದ್ದರು. ಅವರಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳುತ್ತ ಕಂಡುಕೊಂಡದ್ದು. ನಾನು ಇದನ್ನು ಹೇಳಿ ಮುಂಗೈ ಚಾಚಬಹುದಿತ್ತು. ಮನಸ್ಸಾಗಲಿಲ್ಲ. ಅವ್ವ ಒಂದು ತೆಂಗಿನಕಾಯಿ ನನ್ನ ಕೈಗಿಟ್ಟು, ಮಗಳ ವಯಸ್ಸಿನ ನನಗೆ ಕೈ ಮುಗಿದರು.

ಗ್ರೂಪು ಈಗಲೂ ನಡೆದಿದೆ. ನಾನು ದನಿ ಕಳಿಸಿದರೆ 'ಬಹಳ ಚೆನ್ನಾಗಿದೆ, ಧನ್ಯವಾದಗಳು' ಎಂದು ಪುಸ್ತಕದ ಕನ್ನಡದಲ್ಲಿ ಉತ್ತರ ಬರುತ್ತದೆ. ಅದಕ್ಕೆ ಯಾರೂ ದಂಡ ಹಾಕುವುದಿಲ್ಲ. ಒಮ್ಮೆ ಕಾಕಾ ಏನೋ ತಮಾಷೆ ಹೇಳುತ್ತ ಹೇಳುತ್ತ ತಟಕ್ಕನೆ ನಿಲ್ಲಿಸಿ, "ಇರ್ಲಿ ಬಿಡ್ರಿ, ಗ್ರೂಪಿನ್ಯಾಗ ಎಲ್ಲಾರೂ ಅದಾರ," ಎಂದರು. ಆ 'ಎಲ್ಲಾರೂ' ನಾನೊಬ್ಬಳೇ ಎಂದು ನನಗೆ ಗೊತ್ತಿತ್ತು. "ಬಿಟ್ಟ ಬಿಡಬೇ ಆ ಗ್ರೂಪನ್ನ," ಎನ್ನುತ್ತಾಳೆ ಮಗಳು. ಬಿಡಲಿಲ್ಲ. ಅವ್ವ ಒಂದು ದಿನ ಮರೆತಾದರೂ ಮೊದಲಿನ ಹಾಗೆ ಬೈದಾರು ಎಂದು ಕಾಯುತ್ತಿದ್ದೆ. ಅವರ ದನಿ ಬರುತ್ತಿತ್ತು, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ, ಅಷ್ಟೇ.

ರಮಜಾನ್ ಶುರುವಾದ ದಿನ ಸಂಜೆ ಅವ್ವನಿಂದ ನನಗೊಬ್ಬಳಿಗೇ ಎಂದು ಒಂದು ದನಿ ಬಂತು. ಗ್ಯಾಸ್ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕುಳಿತು ಹಚ್ಚಿದೆ. "ಬೇಟಿ, ರಮಜಾನ್ ಮುಬಾರಕ್. ಆಪ್ ಔರ್ ಆಪ್‌ಕಾ ಪರಿವಾರ್..." ಅಲ್ಲಿಗೆ ನಿಂತಿತು. ಹಿಂದಿನಿಂದ ಮೊಮ್ಮಗಳು ಪಿಸುಗುಟ್ಟಿದ್ದು ಕೇಳಿಸಿತು. "ಹಾಂ, ಖುಷ್ ರಹೇ," ಎಂದು ಅವ್ವ ಮುಗಿಸಿದರು. ಫೋನು ಇನ್ನೂ ಚಾಲೂ ಇದೆ ಎಂದು ಅವರಿಗೆ ಗೊತ್ತಾಗಲಿಲ್ಲ. "ಬರೋಬರಿ ಆತೇನ? ಆಕಿಗೆ ತಿಳೀತೈತಿಲ್ಲ?" ಎಂದು ಮೊಮ್ಮಗಳನ್ನು ಕೇಳಿದರು. ಅದು ಅವರ ಹಳೆಯ ದನಿ.

ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಕನ್ನಡದಲ್ಲಿ ಉತ್ತರ ಕೊಡಲು ಹೋಗಿ, ಹೇಳಿದ್ದನ್ನು ಅಳಿಸಿಹಾಕಿದೆ. ಈ ಒಂದು ಮಾತಿಗಾಗಿ ಆ ಜೀವ ಎಷ್ಟು ಸಲ ಬಾಯಿಪಾಠ ಮಾಡಿತ್ತೋ. ನನ್ನ ಹರಕು ಉರ್ದುವಿನಲ್ಲಿ, ಅವ್ವನಿಗೆ ಅರ್ಥವಾಗಲಿ ಎಂದು ಬಿಡಿಸಿ ಬಿಡಿಸಿ ಹೇಳಿದೆ, "ಶುಕ್ರಿಯಾ. ಆಪ್ ಭೀ ಖುಷ್ ರಹೋ."