ನಾಲ್ಕನೆಯ ದಿನದ ನಂತರ

ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಅಡುಗೆಮನೆಗೆ ಬಂದಿದ್ದೆ. ಒಗ್ಗರಣೆ ಹಾಕುವಾಗ ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು.

ರಕ್ತ.

ಅದೇ ಮೊದಲ ಸಲವೇ? ಗೊತ್ತಿಲ್ಲ. ಆ ದಿನದ ಡೈರಿಯಲ್ಲಿ ‘ಮುಗಿಯಿತು’ ಎಂದಿದೆ, ನನ್ನದೇ ಅಕ್ಷರ. ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಮುಟ್ಟೆಂದರೆ ಮೂರು ದಿನ ಹೊರಗೆ, ನಾಲ್ಕಕ್ಕೆ ಸ್ನಾನ. ಆಮೇಲೆ ಬರುವುದು ಲೆಕ್ಕಕ್ಕಿಲ್ಲ. ಹೇಳಿದರೆ ಮಂಡಿನೋವಿನ ಅತ್ತೆಯೊಬ್ಬರೇ ಒಲೆಯ ಮುಂದೆ ನಿಲ್ಲಬೇಕು.

ಸುಸ್ತು, ಏದುಸಿರು ಎಂದು ತೋರಿಸಲು ಹೋದಾಗ ಡಾಕ್ಟರ್ ಕೇಳಿದರು, “ಪೀರಿಯಡ್ಸ್ ಎಷ್ಟ್ ದಿನ ಇರುತ್ತೆ?”

“ಮೂರು ದಿನ, ಮೇಡಂ.”

ಸಂಖ್ಯಾಶಾಸ್ತ್ರ ಓದಿದವಳು ನಾನು. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೂ ಇಲ್ಲ. ಐರನ್ ಮಾತ್ರೆ ಬರೆದುಕೊಟ್ಟರು. ಒಂದು ವರ್ಷ ನುಂಗಿದೆ, ಏದುಸಿರು ಹೆಚ್ಚುತ್ತಲೇ ಹೋಯಿತು. ಕೊನೆಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕುಸಿದೆ.

ಹಿಮೋಗ್ಲೋಬಿನ್ ಐದು. ಹನ್ನೆರಡಾದರೂ ಇರಬೇಕಿತ್ತು.

ಸ್ಕ್ಯಾನಿಂಗ್‌ನಲ್ಲಿ ಅಡೆನೊಮಯೋಸಿಸ್ ಎಂದು ಬಂತು. ಗರ್ಭಕೋಶದ ಗೋಡೆಯೇ ದಪ್ಪವಾಗಿ ರಕ್ತಸ್ರಾವ ಹೆಚ್ಚಾಗಿತ್ತು. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ತಿಂಗಳುಗಳ ನಂತರ ಅದೇ ಆಸ್ಪತ್ರೆಯ ಸಂಶೋಧಕರು ಜಯನಗರದಲ್ಲಿ ಒಂದು ಸಭೆಗೆ ಕರೆದರು. ಮುಟ್ಟು ಮತ್ತು ಯೋನಿಯ ಆರೋಗ್ಯದ ಬಗ್ಗೆ ಪ್ರಶ್ನಾವಳಿ ಮಾಡಿದ್ದೇವೆ, ಅನುಭವಿಸಿದವರೇ ತಿದ್ದಿಕೊಡಿ ಎಂದರು. ನಾನು ಮತ್ತೆ ಎಲ್ಲಿ ಬೀಳುತ್ತೇನೋ ಎಂದು ಅತ್ತೆಯೂ ಬಂದರು.

ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆ ಬಂತು. ಕೂತಿದ್ದವರೆಲ್ಲ ಮೂರು ಎಂದರು. ನನ್ನ ಬಾಯಿಗೂ ಮೂರೇ ಬಂತು. ಇಷ್ಟಾದ ಮೇಲೂ.

“ಹೀಗೆ ಕೇಳ್ಬೇಡಿ,” ಎಂದೆ. “ಕೊನೇ ಪ್ಯಾಡ್ ಬಿಸಾಕಿದ್ದು ಯಾವತ್ತು ಅಂತ ಕೇಳಿ.”

ಪಕ್ಕದಲ್ಲಿದ್ದ ಪುಟ್ಟೇನಹಳ್ಳಿಯ ಆಂಟಿ ಹೌಹಾರಿದರು. “ಅಯ್ಯೋ, ಸ್ನಾನ ಆದ್ಮೇಲಿಂದೂ ಸೇರಿಸ್ಬೇಕಾ? ಹಂಗಾದ್ರೆ ನಂದು ಹತ್ತು ದಿನ ಕಣಮ್ಮ!”

ಎಲ್ಲರೂ ನಕ್ಕರು. ಸಂಶೋಧನೆಯ ಹುಡುಗಿ ಹಳೆಯ ಪ್ರಶ್ನೆಯನ್ನು ಹೊಡೆದುಹಾಕಿದಳು. ಅತ್ತೆ ನಗಲಿಲ್ಲ.

ಮನೆಗೆ ಬರುವಾಗ ಆಟೊದಲ್ಲಿ, ನನ್ನ ಕಡೆ ನೋಡದೆ ಹೇಳಿದರು, “ನಂಗೂ ಹದಿನೈದು ದಿನ ಹೋಗ್ತಿತ್ತು. ಗರ್ಭಕೋಶ ತೆಗೆಸೋವರ್ಗೂ.”

“ಯಾರ್ಗೂ ಹೇಳ್ಲಿಲ್ವಾ ಅತ್ತೆ?”

“ಹೇಳಿದ್ರೆ ಅಡಿಗೆ ಯಾರ್ ಮಾಡೋರು?”

ಆಪರೇಷನ್ ಬೇಕೇ, ಇಂಜೆಕ್ಷನ್ ಸಾಕೇ, ಡಾಕ್ಟರಿಗೂ ಖಚಿತವಿಲ್ಲ. ನನ್ನ ಕೈಯಲ್ಲಂತೂ ಏನೂ ಇಲ್ಲ. ಇಂದು ಒಂಬತ್ತನೆಯ ದಿನ. ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದಲೇ ಕೂಗಿ ಕೇಳಿದರು, “ಇನ್ನೂ ಇದ್ಯೇನೆ?”

“ಇದೆ ಅತ್ತೆ.”

“ಬರ್ಕೋ ಮತ್ತೆ. ಬರ್ದು, ಒಳಗ್ ಬಂದು ಕಾಫಿ ಕುಡಿ.”

ಬರೆದುಕೊಂಡೆ.