ಹಗ್ಗಕ್ಕೆ ಕೈ ಹಾಕಿದವರ ಪಾಲು

ಎಲ್‌ಎಲ್‌ಬಿ ಒಂದನ್ನೇ ಓದಿದ್ದರೆ ಮನೆಯಲ್ಲಿ ಯಾರೂ ಗೊಣಗುತ್ತಿರಲಿಲ್ಲ. ವಕೀಲರಿಗೆ ಕರಿ ಕೋಟು ಇರುತ್ತದೆ, ಅದು ಊರಿಗೆಲ್ಲ ಕಾಣುತ್ತದೆ. ನಾನು ಸುಮ್ಮನಿರದೆ ಅದರ ಜೊತೆಗೆ ಸಮಾಜಶಾಸ್ತ್ರದ ಎಂ.ಎ.ಯನ್ನೂ ದೂರಶಿಕ್ಷಣದಲ್ಲಿ ತಲೆಗೆ ಕಟ್ಟಿಕೊಂಡೆ. ನಿಯಮದ ಅಡ್ಡಿಯಿಲ್ಲ ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳಿದರು. “ನಿಯಮದ್ದಲ್ಲ, ಮನೆಯವರದ್ದು ಎಂತ ನೋಡ್ಕೊ” ಎಂದೂ ಸೇರಿಸಿದರು.

ನಮ್ಮ ಮನೆ ಎಂದರೆ ಅತ್ತೆ. ನನ್ನ ಗಂಡ ಹೊನ್ನಾವರದ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಕಡಲಿಗೆ ಇಳಿದರೆ ತಿರುಗಿ ಬರುವ ದಿನ ಅವನಿಗೇ ಗೊತ್ತಿರುವುದಿಲ್ಲ. ನಾನು ಮುರ್ಡೇಶ್ವರದಲ್ಲಿ ರೈಲು ಹತ್ತಿ ಕಾಲೇಜಿಗೆ ಹೋದ ಮೇಲೆ ಮಗಳನ್ನು ಅತ್ತೆಯೇ ನೋಡಿಕೊಳ್ಳಬೇಕು. ಒಂದು ಕಾಲಕ್ಕೆ ಬುಟ್ಟಿ ಹೊತ್ತು ಕಾಯ್ಕಿಣಿಯ ಮನೆಮನೆಗೂ ಮೀನು ಮಾರಿದವರು ಅವರು. ಮಂಡಿನೋವು ಬಂದ ಮೇಲೆ ಭಾನುವಾರ ಮಾತ್ರ ಪೇಟೆಯಲ್ಲಿ ಕೂರುತ್ತಿದ್ದರು. ನನ್ನ ಎಂ.ಎ. ತರಗತಿಗಳು ಕುಮಟಾದಲ್ಲಿ ನಡೆಯುತ್ತಿದ್ದುದೂ ಅದೇ ಭಾನುವಾರ.

“ವಾರ ಪೂರ್ತಿ ನಿಂದೇ ಆತು. ಒಂದು ದಿನ ಆದ್ರೂ ನಂದಲ್ವಾ? ಎರಡರಲ್ಲಿ ಒಂದು ಬಿಡು” ಎಂದರು ಅತ್ತೆ.

ಅವರು ಹೇಳಿದ್ದು ಸರಿಯಾಗಿತ್ತು, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ತಪ್ಪಿದ್ದರೆ ವಾದ ಮಾಡಬಹುದಿತ್ತು, ವಾದವೆಂದರೆ ನಾನು ಊಟವನ್ನೂ ಬಿಡುವವಳು. ಇನ್ನು ಎಂ.ಎ. ಬಿಡುವುದೇ ಸೈ ಎಂದುಕೊಂಡೆ. ಅಂದುಕೊಂಡ ದಿನ ಊಟ ಸೇರಲಿಲ್ಲ. ಅಷ್ಟು ಆಸೆಯಿತ್ತು ಅದರ ಮೇಲೆ.

ಆಗಲೇ ನನ್ನ ಎಂ.ಎ. ಪ್ರಬಂಧದ ಕೆಲಸ ಅರ್ಧ ಮುಗಿದಿತ್ತು. ವಿಷಯ ನಮ್ಮ ದಡದ ಕೈರಂಪಣಿ. ಕಡಲಿನಲ್ಲಿ ಬಲೆಯನ್ನು ಸುತ್ತುಹಾಕಿ ಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ದಡದಿಂದ ಜನ ಸೇರಿ ಎಳೆಯುವ ಮೀನುಗಾರಿಕೆ ಅದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಇದೇ ಕೊನೆಯ ಸಲ ಎಂದುಕೊಂಡು ದಡಕ್ಕೆ ಹೋದೆ. ಸಾರಿಗೆ ಮೀನು ಸಿಕ್ಕೀತೆಂದು ಅತ್ತೆಯೂ ಮಗಳನ್ನು ಕರೆದುಕೊಂಡು ಬಂದರು. ಬಲೆ ಭಾರವಾಗಿತ್ತು. ಪಕ್ಕದ ಹೋಟೆಲಿನಲ್ಲಿ ಅಡುಗೆ ಮಾಡುವ, ಒಡಿಶಾ ಕಡೆಯ ನಡುವಯಸ್ಸಿನವರೊಬ್ಬರು ಬಂದು ಹಗ್ಗ ಹಿಡಿದು ಕೊನೆಯತನಕ ಎಳೆದರು. ತಂಡದ ಯಜಮಾನ, ನಮ್ಮಲ್ಲಿ ತಂಡೇಲ ಎನ್ನುತ್ತೇವೆ, ತಾರ್ಲೆ ಮೀನನ್ನು ಗುಪ್ಪೆಗುಪ್ಪೆಯಾಗಿ ಪಾಲು ಹಾಕಿದ. ಅಡುಗೆಯವರಿಗೆ ಗುಪ್ಪೆ ಇರಲಿಲ್ಲ.

“ಅವರ ಪಾಲು?” ಎಂದೆ.

“ಪಾಲು ಊರಿನವರಿಗೆ. ಬೇಕಾದ್ರೆ ನಾಲ್ಕು ಮೀನು ತಕಂಡು ಹೋಗ್ಲಿ.”

“ಪದ್ಧತಿಯಲ್ಲಿ ಊರಿನವರು ಅಂತ ಎಲ್ಲುಂಟು?”

“ಹೊರಗಿನವರಿಗೆ ಯಾವಾಗ ಕೊಟ್ಟಿದ್ದು? ತೋರ್ಸು ವಕೀಲಮ್ಮ!”

ಎಲ್ಲರೂ ನಕ್ಕರು. ಪದ್ಧತಿ ಎಂದು ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡಬೇಕು ಎಂದು ಕಾನೂನಿನ ತರಗತಿಯಲ್ಲಿ ಕಲಿತಿದ್ದೆ. ಸಾಬೀತಿಗೆ ನನ್ನ ಬಳಿ ಏನೂ ಇರಲಿಲ್ಲ. ಆದರೆ ಜನರನ್ನು ಕೇಳು, ಕಾದು ಕೂತು ಕೇಳು ಎಂದು ಎಂ.ಎ. ಕಲಿಸಿತ್ತಲ್ಲ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಯಾರಿಗೂ ನೆನಪಿಲ್ಲ. ಅಡುಗೆಯವರಿಗೆ ನಮ್ಮ ಮಾತು ತಿಳಿಯದಿದ್ದರೂ ಸಂಗತಿ ತಿಳಿದಿತ್ತು. ಅವರು ಮೆಲ್ಲಗೆ ಹೊರಟರು.

“ನಿಲ್ಲಿಸು ಅವರನ್ನ” ಎಂದರು ಅತ್ತೆ. ತಂಡೇಲನ ಕಡೆ ತಿರುಗಿದರು. “ಹಿರೇಗುತ್ತಿಯಿಂದ ಕೂಲಿ ಹುಡುಕ್ತಾ ಬಂದವ ಒಬ್ಬ ಇಲ್ಲೇ ಹಗ್ಗ ಎಳೆದಿದ್ದ. ಯಾವ ಊರು ಅಂತ ಕೇಳದೆ ಪಾಲು ಕೊಟ್ಟವ ನಿನ್ನ ಅಪ್ಪ. ಆ ಮೀನು ಮಾರಿ ಕೊಡು ಅಂತ ಅವ ನನ್ನ ಬುಟ್ಟಿ ಹತ್ರ ಬಂದ. ಮತ್ತೆ ತಿರುಗಿ ಹೋಗ್ಲೇ ಇಲ್ಲ.”

ಮಾವನ ಊರು ಹಿರೇಗುತ್ತಿ ಎಂದು ಗೊತ್ತಿತ್ತು. ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಮಾವನದು ಯಾರೋ ಸಂಬಂಧ ಹೇಳಿ ಆದ ಮದುವೆ ಎಂದೇ ನಾನು ತಿಳಿದಿದ್ದೆ. ಪ್ರಬಂಧಕ್ಕೆಂದು ದಡದವರನ್ನೆಲ್ಲ ಮಾತಾಡಿಸಿದ್ದೆ, ಒಂದೇ ಒಲೆಯ ಮುಂದೆ ಕೂರುವ ಅತ್ತೆಯನ್ನು ಬಿಟ್ಟು. ತಂಡೇಲ ಎಲ್ಲ ಗುಪ್ಪೆಗಳಿಂದ ಒಂದಿಷ್ಟು ತೆಗೆದು ಇನ್ನೊಂದು ಗುಪ್ಪೆ ಹಾಕಿದ. ಅಡುಗೆಯವರು ಅದನ್ನು ಟವೆಲಿನಲ್ಲಿ ಕಟ್ಟಿಕೊಂಡು, ಅತ್ತೆಗೆ ಕೈಮುಗಿದು ಹೋದರು.

ಮನೆಗೆ ಬರುವಾಗ ಅತ್ತೆ ಕೇಳಿದರು, “ಎಲ್ಲರ ಹತ್ರ ಕೇಳ್ತಾ ಹೋದ್ಯಲ್ಲ, ಅದು ಎಂತ ಓದು?”

“ನಾನು ಬಿಡ್ತೆ ಅಂದ್ಕಂಡದ್ದು, ಎಂ.ಎ.”

ಅತ್ತೆ ಮಗಳ ಕೈ ಹಿಡಿದುಕೊಂಡರು. “ಎಂತಕ್ಕೆ ಬಿಡೂದು? ಭಾನುವಾರ ಕೂಸನ್ನ ಪೇಟೆಗೇ ಕರ್ಕಂಡು ಹೋಗ್ತೆ. ಹೋಗು, ಓದು.” ನನಗೆ ದಾರಿಯಲ್ಲೇ ಅಳು ಬಂತು. ಕಡಲಿನ ಗಾಳಿಗೆ ಬಂದ ಕಣ್ಣೀರು ಎಂದು ಸುಳ್ಳು ಹೇಳಲೂ ಆಗಲಿಲ್ಲ.

ಅಂದಿನಿಂದ ಮಗಳು ಭಾನುವಾರ ಮೀನುಪೇಟೆಯಲ್ಲಿ ಬೆಳೆದಳು. ಚೌಕಾಶಿ ಮಾಡುವವರಿಗೆ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾಳೆ. ಈಗ ನಾನು ಎಲ್‌ಎಲ್‌ಬಿಯ ಕೊನೆಯ ವರ್ಷದಲ್ಲಿದ್ದೇನೆ. ಮೊನ್ನೆ ಕುಮಟಾದಲ್ಲಿ ಎಂ.ಎ. ಪ್ರಬಂಧದ ಮೌಖಿಕ ಪರೀಕ್ಷೆಯಿತ್ತು. ಅತ್ತೆ ಪೇಟೆ ಬಿಟ್ಟು, ಮಗಳನ್ನು ಕರೆದುಕೊಂಡು ನನ್ನ ಜೊತೆಗೇ ಬಂದು ಹೊರಗಿನ ಬೆಂಚಿನ ಮೇಲೆ ಕೂತರು.

ಪರೀಕ್ಷಕರು ಹಾಳೆ ತಿರುವುತ್ತಾ ಕೇಳಿದರು, “ಹೊರಗಿನವರಿಗೂ ಪಾಲು ಕೊಡುತ್ತಿದ್ದರು ಎನ್ನುತ್ತೀರಿ. ಹಿರೇಗುತ್ತಿಯ ಈ ಕೂಲಿಯವರ ಘಟನೆಗೆ ಸಾಕ್ಷಿ ಏನಿದೆ?”

“ಅವರ ಮೊಮ್ಮಗಳು ಬಾಗಿಲ ಹೊರಗಿದ್ದಾಳೆ ಸರ್. ಕರೆಯಲೇ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಕರೀರಿ.”

ಮಗಳು ಓಡುತ್ತಾ ಒಳಗೆ ಬಂದಳು. ಅವಳ ಹಿಂದೆ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಸೆರಗು ಸರಿಮಾಡಿಕೊಳ್ಳುತ್ತಾ ಅತ್ತೆಯೂ ಬಂದರು.