ಮೆಮರಿಯ ವೇಗ, ಅಕ್ಕನ ಸೀರೆ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ನಡುಮನೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಕಿರಿಮಗಳು ನಾನು ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸೀರೆಯ ಅಂಚಿನ ಚಿತ್ರ ಬಿಡಿಸುತ್ತಿದ್ದೆ. ಆ ಚಿತ್ರ ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಅದೇ ಅಂಚಾಗಿ ಬರುತ್ತಿತ್ತು.

ನನ್ನ ಕಂಪ್ಯೂಟರ್ ನಿಧಾನದಲ್ಲಿ ಎಮ್ಮೆಯಂಥದ್ದು. ಬಿಡಿಸುತ್ತಿರುವ ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ಮೆಮರಿ ಇನ್ನೊಂದು ಕೊಳ್ಳೋಣವೆಂದು ಬಾಗಲಕೋಟೆಗೆ ಹೋದರೆ ರಿಪೇರಿ ಅಂಗಡಿಯವರು, "ಯಾಕ ದುಡ್ಡು ಹಾಳ ಮಾಡ್ತೀರಿ? ಇದ್ದದ್ದನ್ನ ಜೋರ ಓಡಸ್ರಿ" ಎಂದರು. ಮೆಮರಿಗೆ ಕಂಪನಿಯವರು ಒಂದು ವೇಗ ಗೊತ್ತುಮಾಡಿರುತ್ತಾರೆ. ಕಂಪ್ಯೂಟರ್ ಚಾಲೂ ಆಗುವಾಗ ಬರುವ ನೀಲಿ ಪರದೆಯಲ್ಲಿ ಆ ಅಂಕಿಯನ್ನು ಏರಿಸಬಹುದು. "ಒಂದೊಂದ ಮೆಟ್ಟಲಾ ಏರಸ್ರಿ, ಪ್ರತಿ ಸಲ ಒಂದಿನ ತಪಾಸ ಮಾಡ್ರಿ, ಮಿತಿ ಮೀರಿದರ ಒಳಗಿಂದು ಕೆಡತೈತಿ" ಎಂದೂ ಹೇಳಿದ್ದರು. ಅಷ್ಟು ತಾಳ್ಮೆ ನನಗೆಲ್ಲಿಯದು? ಆತುರಗಾರನಿಗೆ ಬುದ್ಧಿ ಮಟ್ಟ. ಒಂದೇ ಸಲಕ್ಕೆ ಮೂರು ಮೆಟ್ಟಿಲು ಹತ್ತಿಸಿದೆ. ಹತ್ತು ಎಣಿಸುವಷ್ಟರಲ್ಲಿ ತೆರೆಯುತ್ತಿದ್ದ ಚಿತ್ರ ಒಂಬತ್ತಕ್ಕೇ ತೆರೆಯಿತು. ಆ ಒಂದಕ್ಕಾಗಿ ಓಣಿಯೆಲ್ಲ ಹೇಳಿಕೊಂಡು ತಿರುಗಿದೆ.

ಅದೇ ವಾರ ಅಕ್ಕನ ಕುಬಸದ, ಅಂದರೆ ಸೀಮಂತದ, ಹಸಿರು ಸೀರೆಗೆ ಅಂಚು ಬಿಡಿಸಿದೆ. ಚೊಚ್ಚಲ ಬಸುರಿ ಮಗಳಿಗೆ ಉಡಿಸುವ ಸೀರೆಯನ್ನು ತಾನೇ ನೇಯುತ್ತೇನೆಂದು ಅಪ್ಪ ಹಟ ಹಿಡಿದಿದ್ದ. ಅಪ್ಪನ ಹಳೆಯ ಅಂಚಿನ ರಟ್ಟುಗಳು ಸವೆದುಹೋಗಿದ್ದರಿಂದ ಆ ಅಂಚನ್ನೇ ಮತ್ತೆ ಬಿಡಿಸಿ ಕೊಡಬೇಕಿತ್ತು, ಅಷ್ಟೇ. ಕೆಟ್ಟರೆ ಇನ್ನೊಂದು ಸೀರೆ ನೇಯಲು ವೇಳೆ ಇರಲಿಲ್ಲ.

ಸೀರೆ ಮುಗಿಯಲು ಎರಡು ಮೊಳ ಉಳಿದಿದ್ದಾಗ ಚಹಾ ಕೊಡಲು ಹೋದವಳು ಅಂಚು ನೋಡಿ ನಿಂತೇಬಿಟ್ಟೆ. ಒಂದೇ ಹೂವಿನ ರಟ್ಟು ಸುತ್ತಿ ಸುತ್ತಿ ಬರುವುದರಿಂದ ಒಂದೊಂದು ಹೂವಿಗೂ ಎರಡೆರಡು ಎಸಳು ಕಡಿಮೆ. ಓಡಿಹೋಗಿ ಕಂಪ್ಯೂಟರಿನಲ್ಲಿ ನೋಡಿದರೆ ಅಲ್ಲಿಯೂ ಇಲ್ಲ. ನಾನು ಬಿಡಿಸಿದ್ದೆ; ಸೇವ್ ಮಾಡುವಾಗ ಮಿತಿಮೀರಿ ಓಡುತ್ತಿದ್ದ ಮೆಮರಿ ನುಂಗಿಹಾಕಿತ್ತು. ಪ್ರಿಂಟ್ ತೆಗೆದು ಕೊಡುವ ಮುಂಚೆ ಒಮ್ಮೆಯೂ ನೋಡಿರಲಿಲ್ಲ, ಪುಣ್ಯಾತ್ಗಿತ್ತಿ ನಾನು.

ನಲವತ್ತು ವರ್ಷ ಇದೇ ಅಂಚು ನೇಯ್ದ ಕಣ್ಣಿಗೆ ಮೊದಲ ಗೇಣಿನಲ್ಲೇ ಇದು ಕಂಡಿರಬೇಕು.

"ಅಪ್ಪಾ, ಎಸಳು ಇಲ್ಲದ್ದು ನಿನಗ ಕಾಣ್ಲಿಲ್ಲೇನು?"

"ಕಂಡಿತ್ತು. ಓದಿದ ಮಗಳು ಏನೋ ಹೊಸಾದು ಮಾಡ್ಯಾಳ, ನಾ ಯಾಕ ಅಡ್ಡ ಬರ್ಲಿ ಅಂತ ಸುಮ್ಮನಾದೆ."

ನನಗೆ ಅಳುವೇ ಬಂತು. ಹೊಸದೂ ಅಲ್ಲ ಏನೂ ಅಲ್ಲ, ವೇಗದ ಆಸೆಗೆ ಬಿದ್ದು ಕೆಡಿಸಿದ್ದೇನೆ ಎಂದು ಒಪ್ಪಿಕೊಂಡೆ. ಬೇರೆ ರಟ್ಟು ಹೊಡೆಸಿ ತರುತ್ತೇನೆ, ಉಳಿದ ಎರಡು ಮೊಳವನ್ನಾದರೂ ಸರಿಯಾಗಿ ನೇಯಿ ಎಂದೆ.

ಅಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟ. "ಈಗ ಸರಿ ಮಾಡಿದರ ಹಿಂದಿಂದು ತಪ್ಪು ಅಂತ ಎಲ್ಲಾರಿಗೂ ಗೊತ್ತಾಗತೈತಿ, ಯವ್ವಾ" ಎಂದು ಮತ್ತೆ ಲಾಳಿ ಎಸೆದ. ಅಲ್ಲಿಯವರೆಗೆ ತಪ್ಪೆಂದು ತಿಳಿಯದೆ ನೇಯ್ದಿದ್ದವನು, ಉಳಿದ ಎರಡು ಮೊಳವನ್ನು ತಿಳಿದೇ ನೇಯ್ದ.